ಮುಚ್ಚಿದ ಗಿರಣಿಗಳ ಊರಿನ ಇಬ್ಬರು ಗೆಳೆಯರು

ಆಸ್ಕರ್ ವೈಲ್ಡರು 1888ರಲ್ಲಿ ಪ್ರಕಟಿಸಿದ ಮಕ್ಕಳ ಕಥೆಗಳಲ್ಲಿ ಸ್ವಾರ್ಥಿ ದೈತ್ಯನ ಕಥೆ ಬಹುಜನರಿಗೆ ಪರಿಚಿತವಾದುದು. ಮಕ್ಕಳನ್ನು ಹೊರಗಟ್ಟಿ ತೋಟಕ್ಕೆ ಗೋಡೆ ಕಟ್ಟಿದ ದೈತ್ಯನ ಬಳಿಗೆ ವಸಂತವೇ ಸುಳಿಯುವುದಿಲ್ಲ. ಕ್ಲಿಯೋ ಬರ್ನಾರ್ಡ್ ಎಂಬ ನಿರ್ದೇಶಕಿ 2013ರಲ್ಲಿ ಅದೇ ಹೆಸರಿನಿಂದ ತೆಗೆದ 'ದಿ ಸೆಲ್ಫಿಶ್ ಜಯಂಟ್' ಚಿತ್ರದಲ್ಲಿ ತೋಟವಿಲ್ಲ. ಗೋಡೆ ಮಾತ್ರ ಇದೆ.

ಕಥೆ ನಡೆಯುವುದು ಉತ್ತರ ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಉಣ್ಣೆಯ ಗಿರಣಿಗಳಿಂದ ಜಗತ್ಪ್ರಸಿದ್ಧವಾಗಿದ್ದ ಈ ನಗರದ ಗಿರಣಿಗಳು ಇಪ್ಪತ್ತನೆಯ ಶತಮಾನದಲ್ಲಿ ಒಂದೊಂದಾಗಿ ಮುಚ್ಚಿದವು. ದುಡಿಮೆ ಹೋಯಿತು, ದುಡಿಯುವವರ ಬಡಾವಣೆಗಳು ಉಳಿದವು. ಸೊಲ್ಲಾಪುರದ ಗಿರಣಿಗಳ ಭೋಂಗಾ ನಿಂತುದನ್ನು ಕಂಡ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆರ್ಬರ್ ಮತ್ತು ಸ್ವಿಫ್ಟಿ ಅಂತಹ ಬಡಾವಣೆಯ ಹುಡುಗರು. ಆರ್ಬರ್ ಚಂಚಲ, ಮುಂಗೋಪಿ, ಔಷಧಿಯಿಂದಲೇ ಶಾಂತನಾಗಬೇಕಾದವನು. ಸ್ವಿಫ್ಟಿ ಮೃದುಸ್ವಭಾವದವನು, ಕುದುರೆಗಳೆಂದರೆ ಅವನಿಗೆ ಪ್ರಾಣ. ಅವನ ತಂದೆ ಹಣಕ್ಕಾಗಿ ಮನೆಯವರು ಕುಳಿತುಕೊಳ್ಳುವ ಸೋಫಾವನ್ನೂ ಮಾರಿಬಿಡುತ್ತಾನೆ. ಹೊಡೆದಾಟವೊಂದರ ನಿಮಿತ್ತ ಶಾಲೆಯು ಇಬ್ಬರನ್ನೂ ಹೊರಗಿಡುತ್ತದೆ. ಆಗ ಬಾಗಿಲು ತೆರೆಯುವವನು ಕಿಟನ್ ಎಂಬ ಗುಜರಿ ವ್ಯಾಪಾರಿ. ಅವನ ಕುದುರೆಗಾಡಿಯನ್ನು ಬಾಡಿಗೆಗೆ ಪಡೆದು ಮಕ್ಕಳು ಹಳೆಯ ಕಬ್ಬಿಣ, ತಾಮ್ರದ ತಂತಿಗಳನ್ನು ಕೂಡಿಹಾಕತೊಡಗುತ್ತಾರೆ.

ಕಿಟನ್ ಸ್ವಿಫ್ಟಿಯನ್ನು ಮೆಚ್ಚುವುದು ಕುದುರೆ ಓಡಿಸುವ ಅವನ ಕೌಶಲಕ್ಕಾಗಿ. ಇದರಿಂದ ಮನನೊಂದ ಆರ್ಬರ್ ವ್ಯಾಪಾರಿಯ ಮಾಲನ್ನೇ ಕದಿಯುತ್ತಾನೆ. ಅದಕ್ಕೆ ಪ್ರತಿಯಾಗಿ ಅವನು ನೆಲದೊಳಗಿನ ವಿದ್ಯುತ್ ಕೇಬಲನ್ನು ಕದ್ದು ತರಬೇಕಾಗುತ್ತದೆ. ಗೆಳೆಯನನ್ನು ಒಂಟಿಯಾಗಿ ಬಿಡದೆ ಜೊತೆಗೆ ಹೋದ ಸ್ವಿಫ್ಟಿ, ವಿದ್ಯುತ್ ಹರಿಯುತ್ತಿದ್ದ ಆ ಕೇಬಲಿಗೆ ಬಲಿಯಾಗುತ್ತಾನೆ. ಅನಂತರ ಗೆಳೆಯನ ಮನೆಯ ಮುಂದೆ ಮೌನವಾಗಿ ಕುಳಿತ ಆರ್ಬರ್, ಕೊನೆಗೆ ಅವನನ್ನು ಅಪ್ಪಿಕೊಳ್ಳುವ ಸ್ವಿಫ್ಟಿಯ ತಾಯಿ: ಈ ದೃಶ್ಯಗಳಲ್ಲಿ ಮಾತು ಅಲ್ಪ, ದುಃಖ ಅಪಾರ.

ಮುಖ್ಯ ಪಾತ್ರಗಳನ್ನು ವಹಿಸಿದ ಕಾನರ್ ಚಾಪ್ಮನ್ ಮತ್ತು ಶಾನ್ ಥಾಮಸ್ ನಟನೆಗೆ ಹೊಸಬರಾದ ಬಾಲಕರು. ಇದೇ ನಗರದಲ್ಲಿ 'ದಿ ಆರ್ಬರ್' (2010) ಚಿತ್ರವನ್ನು ತೆಗೆಯುವಾಗ ಕಂಡ ಗುಜರಿ ಆಯುವ ಹುಡುಗನೇ ನಿರ್ದೇಶಕಿಗೆ ಪ್ರೇರಣೆ.

ಕಿಟನ್ ಕಠಿಣನು, ನಿಜ. ಆದರೆ ಮಕ್ಕಳು ಅವನ ಅಂಗಳವನ್ನು ಸೇರುವ ಮೊದಲು ಮತ್ತೊಂದು ಬಾಗಿಲು ಮುಚ್ಚಿತ್ತೆಂಬುದನ್ನು ಶಿಕ್ಷಕರಾದ ನಾವು ಮರೆಯಲಾಗದು. ನಮ್ಮ ದೇಶದ 2009ರ ಶಿಕ್ಷಣ ಹಕ್ಕು ಕಾಯಿದೆಯು ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಬಾರದೆಂದು ವಿಧಿಸಿದೆ. ಹಾಜರಿ ಪುಸ್ತಕದಲ್ಲಿ ಹೆಸರು ಉಳಿದರೆ ಸಾಲದು. ಎರಡು ದಿನ ಬಾರದ ಹುಡುಗನ ಮನೆಗೆ ಮೂರನೆಯ ದಿನ ನಾವು ಹೋಗಬೇಕು. ಪಾಲಕರೂ ನಮ್ಮೊಡನೆ ಬರಬೇಕು. ನಾವು ಹುಡುಕದ ಮಗುವನ್ನು ಹುಡುಕಿಕೊಳ್ಳುವವರು ಊರಿನಲ್ಲಿ ಯಾವಾಗಲೂ ಇರುತ್ತಾರೆ.