ನಕ್ಷೆಯ ಬಾಗಿಲುಗಳು: ಅಂಕಿಯೂ ತಖ್ತೆಯೂ

ಮನೆಯನ್ನು ಕಟ್ಟಿಸಿದವರೆಲ್ಲರೂ ನಕ್ಷೆಯಲ್ಲಿ ಬಾಗಿಲಿನ ಗುರುತನ್ನು ಕಂಡಿರುವರಷ್ಟೆ. ಗೋಡೆಯ ಗೆರೆಗಳು ಕಡಿದಿರುವೆಡೆಯಲ್ಲಿ ಕಾಲು ವೃತ್ತದ ಕಂಸವೊಂದು ಹೊರಟು, ಕದವು ಯಾವ ಕಡೆಗೆ ತೆರೆಯುವುದೆಂಬುದನ್ನು ತೋರಿಸುತ್ತದೆ. ಪಕ್ಕದಲ್ಲಿ ‘ಡಿ1’ ಎಂದೋ ‘ಡಿ2’ ಎಂದೋ ಬರೆದಿರುತ್ತದೆ. ಕದದ ಅಗಲವೆಷ್ಟು, ಮರ ಯಾವುದು, ಕೀಲುಗಳೆಷ್ಟು, ಬೀಗ ಎಂತಹುದು ಎಂಬುದೆಲ್ಲವೂ ಈ ಕಿರಿಯ ಗುರುತಿಗೆ ಕಟ್ಟುಬಿದ್ದಿದೆ. ಎಲ್ಲವನ್ನೂ ನಕ್ಷೆಯಲ್ಲಿಯೇ ಬರೆದರೆ ಗೋಡೆಯೇ ಕಾಣದಾದೀತು. ಆದುದರಿಂದ ವಿವರಗಳನ್ನು ಬೇರೊಂದು ತಖ್ತೆಯಲ್ಲಿಟ್ಟು, ನಕ್ಷೆಯಲ್ಲಿ ಗುರುತನ್ನು ಮಾತ್ರ ಉಳಿಸುವುದು ರೂಢಿ.

ಗುರುತಿಡುವ ಕ್ರಮಗಳು ಮುಖ್ಯವಾಗಿ ಎರಡು. ಒಂದೇ ಅಳತೆಯ, ಒಂದೇ ಮಾದರಿಯ ಬಾಗಿಲುಗಳೆಲ್ಲಕ್ಕೂ ಒಂದೇ ಗುರುತನ್ನು ಕೊಡುವುದು ಮೊದಲನೆಯದು. ನಮ್ಮ ವಾಸದ ಮನೆಗಳಿಗೆ ಇದೇ ವಾಡಿಕೆ. ‘ಡಿ2, ಆರು’ ಎಂದರೆ ಬಡಗಿಗೆ ಸಾಕು. ಭಾರತೀಯ ಮಾನಕದ ಪದ್ಧತಿಯಲ್ಲಂತೂ ಗುರುತೇ ಅಳತೆಯನ್ನು ನುಡಿಯುತ್ತದೆ: ‘10 ಡಿಎಸ್ 21’ ಎಂದರೆ 1000 ಮಿಲಿಮೀಟರು ಅಗಲ, 2100 ಮಿಲಿಮೀಟರು ಎತ್ತರದ ತೆರಪಿಗೆ ಒಂಟಿ ಕದದ ಬಾಗಿಲು.

ಆಸ್ಪತ್ರೆ, ಕಾಲೇಜುಗಳಂತಹ ದೊಡ್ಡ ಕಟ್ಟಡಗಳಿಗೆ ಇಷ್ಟೇ ಸಾಲದು. ಅಲ್ಲಿ ಅಳತೆ ಒಂದೇ ಆದರೂ ಒಂದಕ್ಕೆ ಎಡಗೀಲು, ಇನ್ನೊಂದಕ್ಕೆ ಬಲಗೀಲು. ಒಂದಕ್ಕೆ ಬೀಗ, ಮತ್ತೊಂದಕ್ಕೆ ಬೆಂಕಿಯನ್ನು ತಡೆಯುವ ಕದ. ಆದುದರಿಂದ ಪ್ರತಿಯೊಂದು ಬಾಗಿಲಿಗೂ ಅದರದೇ ಅಂಕಿ ಬೇಕು. ಇದು ಎರಡನೆಯ ಕ್ರಮ.

ಈ ಅಂಕಿಗಳನ್ನು 1, 2, 3 ಎಂದು ಸಾಲಾಗಿ ಕೊಟ್ಟರೆ ಆಗುವ ಅನರ್ಥವನ್ನು ನಾವು ಒಂದು ವಿದ್ಯಾರ್ಥಿನಿಲಯದಲ್ಲಿ ಕಂಡೆವು. ಕಟ್ಟಡ ಅರ್ಧವಾದಾಗ 12ನೆಯ ಬಾಗಿಲಿನ ಬಳಿಯಲ್ಲಿ ಹೊಸ ಬಾಗಿಲೊಂದನ್ನು ಸೇರಿಸಿದರು. ನಕ್ಷೆಯಲ್ಲಿ ಮುಂದಿನ ಅಂಕಿಗಳೆಲ್ಲವೂ ಒಂದೊಂದು ಹೆಚ್ಚಿದುವು. ತಖ್ತೆಯನ್ನು ಯಾರೂ ತಿದ್ದಲಿಲ್ಲ. ಸ್ನಾನದ ಮನೆಗೆಂದು ಮಾಡಿದ ಕಿರಿದಾದ ಬಾಗಿಲು ರೋಗಿಗಳ ಕೊಠಡಿಗೆ ಬಂದಿತು. ಒಂದು ರಾತ್ರಿ ಹುಡುಗನೊಬ್ಬನಿಗೆ ಜ್ವರ ಏರಿದಾಗ ಸ್ಟ್ರೆಚರು ಆ ಬಾಗಿಲಿನಲ್ಲಿ ತೂರಲಿಲ್ಲ. ಅವನನ್ನು ಕೈಗಳಲ್ಲಿ ಎತ್ತಿಯೇ ಹೊರಗೆ ತಂದೆವು.

ಕೊಠಡಿಯ ಅಂಕಿಯನ್ನೇ ಬಾಗಿಲಿಗೂ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ. 104ನೆಯ ಕೊಠಡಿಯ ಬಾಗಿಲುಗಳು 104ಎ, 104ಬಿ. ಹೊಸದು ಬಂದರೆ 104ಸಿ. ನೆರೆಯ ಕೊಠಡಿಯ ಅಂಕಿ ಅಲುಗುವುದಿಲ್ಲ. ಎರಡು ಕೊಠಡಿಗಳ ನಡುವಣ ಬಾಗಿಲು ಯಾವುದಕ್ಕೆ ಸೇರಿದುದೆಂಬ ನಿಯಮವನ್ನು ಮೊದಲೇ ಗೊತ್ತುಮಾಡಿ, ಕಡೆಯವರೆಗೂ ಅದನ್ನೇ ಪಾಲಿಸಬೇಕು. ತೆಗೆದುಹಾಕಿದ ಬಾಗಿಲಿನ ಅಂಕಿಯನ್ನು ಬೇರೊಂದಕ್ಕೆ ಕೊಡಲಾಗದು. ಅಳತೆಯು ತಖ್ತೆಯೊಂದರಲ್ಲಿಯೇ ಇರತಕ್ಕದ್ದು. ಎರಡೆಡೆ ಬರೆದರೆ ಒಂದೆಡೆ ತಿದ್ದಿ ಇನ್ನೊಂದೆಡೆ ಮರೆಯುವುದು ಮನುಷ್ಯಸ್ವಭಾವ.

ಈಗ ಕಂಪ್ಯೂಟರು ನಕ್ಷೆಯಿಂದಲೇ ತಖ್ತೆಯನ್ನು ತೆಗೆದುಕೊಡಬಲ್ಲುದು. ಅಂಕಿಗಳು ತಪ್ಪಿಹೋಗುವ ಭಯ ಅಷ್ಟು ಕಡಮೆಯಾಗಿದೆ. ಆದರೆ ರೋಗಿಯ ಕೊಠಡಿಗೆ ಎಷ್ಟು ಅಗಲದ ಬಾಗಿಲು ಬೇಕೆಂಬುದನ್ನು ಆಲೋಚಿಸಬೇಕಾದವರು ನಾವೇ. ರಾಷ್ಟ್ರೀಯ ಕಟ್ಟಡ ಸಂಹಿತೆಯು ಆಪತ್ತಿನಲ್ಲಿ ಹೊರಬೀಳುವ ಬಾಗಿಲಿಗೆ 1000 ಮಿಲಿಮೀಟರಿಗೆ ಕಡಮೆಯಿಲ್ಲದ ಅಗಲವನ್ನು ವಿಧಿಸಿದೆ. ಕಟ್ಟಡವನ್ನು ಕಟ್ಟಿಸುವ ಶ್ರೋತೃಗಳು, ಬಡಗಿಯು ಮರ ಕೊಯ್ಯುವ ಮುನ್ನ ನಕ್ಷೆಯನ್ನೂ ತಖ್ತೆಯನ್ನೂ ಮುಂದಿಟ್ಟುಕೊಂಡು, ಒಂದೊಂದು ಬಾಗಿಲನ್ನೂ ಬೆರಳಿಟ್ಟು ತಾಳೆ ನೋಡುವುದು ಲೇಸು. ಅದಕ್ಕೆ ಒಂದು ಸಂಜೆ ಸಾಕು.