‘ಹುಣ್ಣು’, ‘ವ್ರಣ’, ‘ಅಲ್ಸರ್’: ಅರ್ಥ ಮತ್ತು ಬಳಕೆ

ಚರ್ಮದ ಅಥವಾ ಲೋಳೆಪೊರೆಯ ಮೇಲ್ಪದರ ನಶಿಸಿ ಒಳಗಿನ ಅಂಗಾಂಶ ತೆರೆದುಕೊಳ್ಳುವ ಸ್ಥಿತಿಯನ್ನು ಆಧುನಿಕ ವೈದ್ಯವು ‘ಅಲ್ಸರ್’ ಎಂದು ಕರೆಯುತ್ತದೆ. ಕನ್ನಡದಲ್ಲಿ ಇದಕ್ಕೆ ‘ವ್ರಣ’ ಮತ್ತು ‘ಹುಣ್ಣು’ ಎಂಬ ಪದಗಳು ಬಳಕೆಯಲ್ಲಿವೆ. ಆದರೆ ಇವು ಸಂಪೂರ್ಣ ಸಮಾನಾರ್ಥಕಗಳಲ್ಲ.

‘ವ್ರಣ’ ಸಂಸ್ಕೃತ ಪದ. ಸುಶ್ರುತಸಂಹಿತೆಯು ವ್ರಣವನ್ನು ಶಾರೀರ ಮತ್ತು ಆಗಂತು ಎಂದು ವಿಭಾಗಿಸುತ್ತದೆ. ದೇಹದೊಳಗಿನ ದೋಷದಿಂದ ಹುಟ್ಟಿದ್ದೂ ಆಯುಧದ ಪೆಟ್ಟಿನಿಂದ ಆದದ್ದೂ ಅಲ್ಲಿ ವ್ರಣವೇ. ಕನ್ನಡದ ಆಡುಮಾತು ಈ ವ್ಯಾಪ್ತಿಯನ್ನು ಒಡೆದು ಹಂಚಿಕೊಂಡಿದೆ. ಪೆಟ್ಟಿನಿಂದಾದದ್ದು ‘ಗಾಯ’, ಬಾಯೊಡೆಯದ ಕೀವಿನ ಬಾವು ‘ಕುರು’, ತೆರೆದುಕೊಂಡು ಬೇಗ ಮಾಯದಿರುವುದು ‘ಹುಣ್ಣು’. ಮಾಯದೆ ಉಳಿದ ಗಾಯವೂ ಕೊನೆಗೆ ‘ಹುಣ್ಣಾಗುತ್ತದೆ’.

‘ಹುಣ್ಣು’ ದ್ರಾವಿಡ ಮೂಲದ್ದು. ಹಳಗನ್ನಡದ ‘ಪುಣ್’ ಪಕಾರವು ಹಕಾರವಾಗಿ ಈ ರೂಪ ತಳೆದಿದೆ. ತಮಿಳಿನ ‘ಪುಣ್’, ತೆಲುಗಿನ ‘ಪುಂಡು’ ಇದರ ಜ್ಞಾತಿಪದಗಳು. ಈ ಪದಕ್ಕಿರುವ ಸಮಾಸಶಕ್ತಿಗೆ ‘ನಾರುಹುಣ್ಣು’ ಉತ್ತಮ ನಿದರ್ಶನ. ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡವನ್ನೊಳಗೊಂಡ ಉತ್ತರ ಕರ್ನಾಟಕದ ಬಯಲುಸೀಮೆಗೆ ಇದು ಪರಿಚಿತ ಪದ. ಮೆಟ್ಟಿಲುಬಾವಿ, ಕೆರೆಗಳ ನೀರಿನೊಡನೆ ದೇಹ ಸೇರಿದ ಹುಳುವು ಸುಮಾರು ಒಂದು ವರ್ಷದ ಬಳಿಕ, ಹೆಚ್ಚಾಗಿ ಕಾಲಿನಲ್ಲಿ, ಹುಣ್ಣುಮಾಡಿ ನಾರಿನಂತೆ ಹೊರಬರುತ್ತಿತ್ತು. ಭಾರತದಲ್ಲಿ ಇದರ ಕೊನೆಯ ಪ್ರಕರಣ 1996ರಲ್ಲಿ ವರದಿಯಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶವನ್ನು ಈ ರೋಗದಿಂದ ಮುಕ್ತವೆಂದು ಘೋಷಿಸಿತು. ರೋಗ ಅಳಿದರೂ ಅದರ ಲಕ್ಷಣವನ್ನು ಒಂದೇ ಪದದಲ್ಲಿ ಹಿಡಿದಿಟ್ಟ ಹೆಸರು ಉಳಿದಿದೆ.

ಇದಕ್ಕೆ ಪ್ರತಿಯಾಗಿ, ‘ಅಲ್ಸರ್’ ಕನ್ನಡಕ್ಕೆ ಬಂದು ಅರ್ಥಸಂಕೋಚಕ್ಕೆ ಒಳಗಾಗಿದೆ. ಜನಬಳಕೆಯಲ್ಲಿ ಅದು ಬಹುಮಟ್ಟಿಗೆ ಹೊಟ್ಟೆಯ ಹುಣ್ಣನ್ನು ಮಾತ್ರ ಸೂಚಿಸುತ್ತದೆ. ಇದು ಕೇವಲ ನಿಘಂಟಿನ ಸಮಸ್ಯೆಯಲ್ಲ. ಮಧುಮೇಹಿಯ ಕಾಲಿನಲ್ಲಿ ‘ಅಲ್ಸರ್’ ಆಗಿದೆ ಎಂದರೆ ಕೇಳಿದವರಿಗೆ ಅರ್ಥ ಕೂಡಿಬರುವುದಿಲ್ಲ. ‘ವ್ರಣ’ವೆಂದರೆ ಗ್ರಾಂಥಿಕವಾಗಿ ದೂರವೇ ಉಳಿಯುತ್ತದೆ. ‘ಅಂಗಾಲಹುಣ್ಣು’ ಎಂದಾಗ ಮಾತ್ರ ಅದರ ಸ್ಥಾನ ಮತ್ತು ಸ್ವರೂಪಗಳೆರಡೂ ಒಮ್ಮೆಗೇ ತಿಳಿಯುತ್ತವೆ. ಸ್ಪರ್ಶಜ್ಞಾನ ಕುಂದಿದ ಪಾದದಲ್ಲಿ ನೋವು ಎಚ್ಚರಿಸದ ಕಾರಣ ಈ ಅರಿವು ತಡವಾದರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು.

ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತದೆ ಗಾದೆ. ಅಂಗಾಲಿನ ಹುಣ್ಣಿಗೆ ಕನ್ನಡಿ ಬೇಕು; ಮಧುಮೇಹಿಗಳು ನಿತ್ಯ ಪಾದ ಪರೀಕ್ಷಿಸಿಕೊಳ್ಳಲು ವೈದ್ಯರು ಸೂಚಿಸುವ ಸಾಧನಗಳಲ್ಲಿ ಅದೂ ಒಂದು. ವೈದ್ಯಸಾಹಿತ್ಯದ ಪಾರಿಭಾಷಿಕ ಪದಗಳನ್ನು ರೂಪಿಸುವವರು ಆಡುಮಾತಿನ ಇಂಥ ಖಚಿತತೆಯನ್ನು ಮೊದಲು ಗಮನಿಸುವುದು ಅವಶ್ಯ.