ಜಾಗಕ್ಕೇ ಎಲ್ಲ ಹಣ ಸುರಿದರೆ ಮನೆ ಏಳುವುದು ಹೇಗೆ?

ಬೆಳಗ್ಗಿನ ಮದ್ರಸ ಬಿಟ್ಟು ನಾನು ನಡೆದುಕೊಂಡು ಬರುವ ದಾರಿಯಲ್ಲಿ ಮೂರು ಮನೆಗಳುಂಟು. ಮನೆ ಅನ್ನುವುದಕ್ಕಿಂತ ಗೋಡೆಗಳು ಅನ್ನಬೇಕು. ಒಂದು ಪಂಚಾಂಗಕ್ಕೇ ನಿಂತಿದೆ, ಒಳಗೆ ಹುಲ್ಲು ಬೆಳೆದಿದೆ. ಇನ್ನೊಂದು ಲಿಂಟಲ್‌ವರೆಗೆ ಎದ್ದು ಕೆಂಪುಕಲ್ಲಿಗೆ ಪಾಚಿ ಹಿಡಿದಿದೆ. ಮೂರನೆಯದಕ್ಕೆ ಸ್ಲ್ಯಾಬ್ ಆಗಿದೆ, ಆದರೆ ಬಾಗಿಲಿಲ್ಲ, ಕಿಟಕಿಯಿಲ್ಲ. ಆ ಮೂರನೇ ಮನೆಯ ಹುಡುಗ ನನ್ನ ಹತ್ತಿರ ಎರಡನೇ ಕ್ಲಾಸಿನಲ್ಲಿ ಓದುತ್ತಾನೆ. ಒಂದು ದಿನ ಕೈ ಹಿಡಿದುಕೊಂಡು ತೋರಿಸಿದ, "ಅದು ನಮ್ಮ ಮನೆ ಉಸ್ತಾದ್. ಆದರೆ ನಾವು ಇರುವುದು ಬಾಡಿಗೆಗೆ. ಮನೆ ಆದ ಮೇಲೆ ಉಪ್ಪ ದಮ್ಮಾಮ್‌ನಿಂದ ಬಂದು ಇಲ್ಲೇ ಇರುತ್ತಾರಂತೆ."

ಆ ಮಾತು ಕೇಳಿದ ಮೇಲೆ ಇದನ್ನು ಬರೆಯಬೇಕು ಅನಿಸಿತು. ನಮ್ಮವರಲ್ಲಿ ಮನೆ ಕಟ್ಟುವ ಆಸೆ ಇಲ್ಲದವರು ಯಾರೂ ಇಲ್ಲ. ದುಡಿಯುವುದಕ್ಕೂ ಕಡಿಮೆ ಇಲ್ಲ. ಆದರೆ ಲೆಕ್ಕ ಹಾಕುವುದರಲ್ಲಿ ಎಡವುತ್ತೇವೆ. ಎಡವಿದವರ ಪೈಕಿ ನಾನೂ ಒಬ್ಬ.

ನಾನು ಮಾಡಿದ ತಪ್ಪು

ನಾನು ಐದು ಸೆಂಟ್ಸ್ ಜಾಗ ತೆಗೆದುಕೊಂಡಾಗ ಕೈಯಲ್ಲಿದ್ದ ಹಣವೆಲ್ಲ ಅದಕ್ಕೇ ಹೋಯಿತು. "ಜಾಗ ಆಯಿತಲ್ಲ, ಮನೆ ಹೇಗಾದರೂ ಆಗುತ್ತದೆ" ಅಂತ ಎಲ್ಲರೂ ಹೇಳಿದರು, ನಾನೂ ನಂಬಿದೆ. ಜಾಗ ತೋರಿಸಿದ ಬ್ರೋಕರ್ "ರಸ್ತೆ ಉಂಟು" ಅಂದಿದ್ದ. ಇದ್ದದ್ದು ನಡೆಯುವ ದಾರಿ. ಪತ್ರದಲ್ಲಿ ದಾರಿಯ ಅಗಲವೇ ಬರೆದಿರಲಿಲ್ಲ, ನಾನೂ ಓದಿ ನೋಡಲಿಲ್ಲ. ಕೆಲಸ ಶುರುವಾದಾಗ ಕಲ್ಲಿನ ಲಾರಿ ಒಳಗೆ ಬರಲಿಲ್ಲ. ಕಲ್ಲು, ಹೊಯಿಗೆ, ಸಿಮೆಂಟ್, ಕಬ್ಬಿಣ ಎಲ್ಲವನ್ನೂ ಮುಖ್ಯರಸ್ತೆಯಲ್ಲಿ ಇಳಿಸಿ ತಲೆಹೊರೆಯಲ್ಲಿ ತರಿಸಬೇಕಾಯಿತು. ಬಾಗಿಲು-ಕಿಟಕಿಗೆಂದು ಎತ್ತಿಟ್ಟಿದ್ದ ಹಣ ಆ ಹೊರೆಕೂಲಿಗೆ ಹೋಯಿತು. ಎರಡು ಮಳೆಗಾಲ ಕಿಟಕಿಗೆ ಟಾರ್ಪಾಲು ಕಟ್ಟಿ ಕೂತೆವು.

ಕೊನೆಗೆ ಹೆಂಡತಿಯ ಮಾಲೆ ಹಿಡಿದುಕೊಂಡು ಅಡವಿಡಲು ಹೊರಟೆ. ಬೆಳಗ್ಗೆ ಮಕ್ಕಳಿಗೆ ಬಡ್ಡಿ ಹರಾಮ್ ಎಂದು ಪಾಠ ಮಾಡಿದವನು ನಾನೇ. ಮೆಟ್ಟಿಲವರೆಗೆ ಹೋದವನಿಗೆ ಕಾಲು ಮುಂದೆ ಹೋಗಲಿಲ್ಲ. ಮನೆಗೆ ಫೋನ್ ಮಾಡಿದೆ. "ಅಡವಿಡುವುದು ಬೇಡ, ಮಾರಿ ಬಿಡಿ" ಅಂದಳು. ಮಾರಿ ಬಂದೆ. ಆ ಮಾಲೆಯನ್ನು ಇವತ್ತಿಗೂ ವಾಪಸು ಮಾಡಿಸಿ ಕೊಡಲಿಕ್ಕೆ ನನ್ನಿಂದ ಆಗಲಿಲ್ಲ. ಅವಳು ಕೇಳುವುದಿಲ್ಲ, ಆದರೆ ಮದುವೆ ಮನೆಗೆ ಹೊರಡುವಾಗೆಲ್ಲ ನನಗೆ ನೆನಪಾಗುತ್ತದೆ.

ಒಂದೇ ಹಣ, ಎರಡು ಲೆಕ್ಕ

ಈಗ ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬರ ಹತ್ತಿರ ಒಟ್ಟು 20 ಲಕ್ಷ ರೂ. ಉಂಟು ಅಂತಿಟ್ಟುಕೊಳ್ಳಿ. ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ರಸ್ತೆ ಬದಿಯ ಐದು ಸೆಂಟ್ಸ್ ಜಾಗ, ಸೆಂಟ್ಸ್‌ಗೆ 2 ಲಕ್ಷ. ಜಾಗಕ್ಕೇ 10 ಲಕ್ಷ. ಸ್ಟಾಂಪ್ ಡ್ಯೂಟಿ, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಅದಕ್ಕೆಲ್ಲ ಪತ್ರ ಬರೆಸುವುದು, ಓಡಾಟ ಸೇರಿಸಿ ಸುಮಾರು 80 ಸಾವಿರ. ಜಾಗ ಸಮತಟ್ಟು ಮಾಡಲು ಜೆಸಿಬಿ, ಬಾವಿ ಅಥವಾ ಬೋರ್‌ವೆಲ್, ಕರೆಂಟ್, ಟಾಯ್ಲೆಟ್ ಗುಂಡಿಗೆ 2 ಲಕ್ಷ ಅಂತಿಡಿ. ಉಳಿದದ್ದು 7 ಲಕ್ಷದ 20 ಸಾವಿರ. ಚದರಡಿಗೆ 2,000 ರೂ. ಎಂದು ಹಿಡಿದರೂ 360 ಚದರಡಿ. ಅಷ್ಟರಲ್ಲಿ ಒಂದು ಹಾಲ್, ಒಂದು ಕೋಣೆ, ಅಡುಗೆಮನೆ ಆದೀತು, ಸಿಮೆಂಟಿಗೆ ರೇಟ್ ಏರದಿದ್ದರೆ. ಆದರೆ ನಾವು 360 ಚದರಡಿಗೆ ಪಂಚಾಂಗ ಹಾಕುತ್ತೇವಾ? ಇಲ್ಲ. ಪಕ್ಕದವರದ್ದು ನೋಡಿ 1,200 ಚದರಡಿಗೆ ಹಾಕುತ್ತೇವೆ. ಗೋಡೆ ಏಳುವುದರೊಳಗೆ ಹಣ ಮುಗಿಯುತ್ತದೆ.

ಅದೇ 20 ಲಕ್ಷವನ್ನು ಇನ್ನೊಂದು ರೀತಿ ನೋಡಿ. ಸ್ವಲ್ಪ ಒಳಗೆ, ಆದರೆ ಲಾರಿ ಬರುವ ದಾರಿ ಇರುವ ನಾಲ್ಕು ಸೆಂಟ್ಸ್, ಸೆಂಟ್ಸ್‌ಗೆ 1 ಲಕ್ಷ. ನೋಂದಣಿ, ಪತ್ರ ಎಲ್ಲ ಸೇರಿ 4 ಲಕ್ಷದ 40 ಸಾವಿರ. ನೀರು, ಕರೆಂಟ್, ಜೆಸಿಬಿಗೆ ಎರಡೂವರೆ ಲಕ್ಷ. ಉಳಿದ 13 ಲಕ್ಷದ 10 ಸಾವಿರದಲ್ಲಿ 1 ಲಕ್ಷದ 60 ಸಾವಿರ ಮುಟ್ಟದೆ ಬದಿಗಿಡಿ. ಹನ್ನೊಂದೂವರೆ ಲಕ್ಷಕ್ಕೆ 575 ಚದರಡಿ. ಎರಡು ಸಣ್ಣ ಕೋಣೆ, ಹಾಲ್, ಅಡುಗೆಮನೆ, ಬಾತ್‌ರೂಂ. ಬಾಗಿಲು ಹಾಕಿ, ಲೈಟ್ ಹಾಕಿ, ಒಳಗೆ ಹೋಗಿ ಮಲಗಬಹುದು. ರೇಟುಗಳು ಊರಿಂದೂರಿಗೆ ಬೇರೆ, ನಿಮ್ಮ ಊರಿನದ್ದನ್ನು ಹಾಕಿಕೊಳ್ಳಿ. ಲೆಕ್ಕದ ಕ್ರಮ ಮಾತ್ರ ಇದೇ ಇರಲಿ: ಮೊದಲು ಮನೆಗೆ ಎಷ್ಟು ಬೇಕು ಅಂತ ತೆಗೆದಿಟ್ಟು, ಉಳಿದದ್ದರಲ್ಲಿ ಜಾಗ ಹುಡುಕುವುದು. ನಾವು ಮಾಡುವುದು ಇದರ ಉಲ್ಟಾ.

ಬದಿಗಿಟ್ಟ ಹಣ ಯಾಕೆ ಅಂತ ಕೇಳಬಹುದು. 2025ರಲ್ಲಿ ನಮ್ಮ ಜಿಲ್ಲೆಯಲ್ಲಿ ಕೆಂಪುಕಲ್ಲು, ಮರಳಿಗೆ ಅಭಾವ ಬಂದು ಎಷ್ಟು ಕೆಲಸ ನಿಂತಿತು ಎಂದು ಎಲ್ಲರೂ ನೋಡಿದ್ದೇವೆ. ಕೆಲಸ ನಿಂತರೂ ಬಾಡಿಗೆ ನಿಲ್ಲುವುದಿಲ್ಲ.

ಅಡ್ವಾನ್ಸ್ ಕೊಡುವ ಮೊದಲು

ಅಗ್ರಿಮೆಂಟ್ ಮಾಡಿಕೊಂಡ ಮಾತ್ರಕ್ಕೆ ಜಾಗ ನಮ್ಮದಾಗುವುದಿಲ್ಲ, ನೋಂದಣಿ ಆಗಬೇಕು. ಆರ್‌ಟಿಸಿಯಲ್ಲಿ ಯಾರ ಹೆಸರುಂಟು, ಕೃಷಿ ಜಾಗವಾದರೆ ಭೂ ಪರಿವರ್ತನೆ ಆಗಿದೆಯಾ, ಪಂಚಾಯತ್‌ನ 9/11 ಸಿಕ್ಕಿದೆಯಾ ನೋಡಿ. "ಕನ್ವರ್ಷನ್ ನೀವೇ ಮಾಡಿಸಿಕೊಳ್ಳಿ" ಅನ್ನುವ ಜಾಗ ಅಗ್ಗಕ್ಕೆ ಸಿಗುತ್ತದೆ, ಆದರೆ ಆ ಖರ್ಚು ಮತ್ತು ಕಾಯುವ ತಿಂಗಳುಗಳು ನಿಮ್ಮ ಲೆಕ್ಕಕ್ಕೆ ಬರುತ್ತವೆ. ಹಿಂದಿನ 30 ವರ್ಷದ ಇ.ಸಿ. ತೆಗೆಸಿ. ಸರಕಾರದಿಂದ ಮಂಜೂರಾದ ಜಾಗವಾದರೆ ಮಾರಲು ಅವಕಾಶ ಉಂಟಾ ಅಂತ ವಕೀಲರಲ್ಲಿ ಕೇಳಿ. ದಾರಿ ಎಷ್ಟು ಅಡಿ, ಯಾರ ಜಾಗದಲ್ಲಿ ಹೋಗುತ್ತದೆ ಎಂದು ಪತ್ರದಲ್ಲೇ ಬರೆಸಿ. ಆಗುವುದಾದರೆ ಜಾಗವನ್ನು ಎರಡು ಸಲ ನೋಡಿ. ಜುಲೈಯಲ್ಲಿ ನೋಡಿದರೆ ಮಳೆನೀರು ಎಲ್ಲಿ ನಿಲ್ಲುತ್ತದೆ ಗೊತ್ತಾಗುತ್ತದೆ, ಎಪ್ರಿಲ್‌ನಲ್ಲಿ ನೋಡಿದರೆ ಪಕ್ಕದ ಬಾವಿಯಲ್ಲಿ ನೀರೆಷ್ಟು ಎಂದು ಗೊತ್ತಾಗುತ್ತದೆ. ಗುಡ್ಡ ಕಡಿದು ಮಾಡಿದ ಜಾಗವಾದರೆ ತಡೆಗೋಡೆಯ ಖರ್ಚು ಮರೆಯಬೇಡಿ. ಕೆಲವು ಕಡೆ ತಡೆಗೋಡೆಯೇ ಅರ್ಧ ಮನೆಯಷ್ಟು ನುಂಗುತ್ತದೆ.

ಇನ್ನೊಂದು ವಿಷಯ. ಮಾರುವವರ ಕುಟುಂಬದಲ್ಲಿ ಸಹೋದರಿಯರಿಗೆ ಪಾಲು ಸಿಕ್ಕಿದೆಯಾ ಅಂತ ವಿಚಾರಿಸಿ. ಇದು ಕೋರ್ಟಿಗೆ ಹೆದರಿ ಮಾತ್ರ ಕೇಳುವ ಪ್ರಶ್ನೆಯಲ್ಲ. ಇನ್ನೊಬ್ಬರ ಹಕ್ಕಿನ ಮೇಲೆ ಮನೆ ಕಟ್ಟಿ ಅದರಲ್ಲಿ ನಮಾಝ್ ಮಾಡುವುದು ಹೇಗೆ?

ಹಾಗೆಯೇ ಉಪ್ಪನ ಹೆಸರಿನ ಜಾಗದಲ್ಲಿ ಮಗ ಗಲ್ಫ್‌ನಿಂದ ಹಣ ಕಳುಹಿಸಿ ಮನೆ ಕಟ್ಟುವುದು ನಮ್ಮಲ್ಲಿ ಸಾಮಾನ್ಯ. ಉಪ್ಪ ತೀರಿಹೋದ ಮೇಲೆ ಆ ಜಾಗ ಎಲ್ಲ ವಾರಸುದಾರರದ್ದು. ಆಗ ಅಣ್ಣ ತಮ್ಮಂದಿರು ಮಾತು ಬಿಟ್ಟದ್ದನ್ನು ನಾನು ನೋಡಿದ್ದೇನೆ. ಉಪ್ಪ ಇರುವಾಗಲೇ, ಉಳಿದ ಮಕ್ಕಳಿಗೂ ತಿಳಿಸಿ, ಅವರಿಗೂ ನ್ಯಾಯವಾಗುವಂತೆ ನೋಡಿ, ಪತ್ರ ಮಾಡಿಸುವುದು ಎಲ್ಲರಿಗೂ ಒಳ್ಳೆಯದು.

ಬಡ್ಡಿಯ ಬಾಗಿಲು

ಮನೆ ಅರ್ಧಕ್ಕೆ ನಿಂತಾಗ ಮನುಷ್ಯನಿಗೆ ಬಡ್ಡಿ ಸಾಲ ಹಗುರವಾಗಿ ಕಾಣುತ್ತದೆ. "ಇನ್ನು ಸ್ವಲ್ಪವೇ ಅಲ್ವಾ" ಅನ್ನುವ ಮನಸ್ಸು. ಕುರ್‌ಆನ್ ಬಡ್ಡಿಯನ್ನು ಎಷ್ಟು ಕಠಿಣವಾಗಿ ನಿಷೇಧಿಸಿದೆ ಎಂದು ಎಲ್ಲರಿಗೂ ಗೊತ್ತು. ಬಡ್ಡಿ ಇಲ್ಲದ ಸಾಲವೂ ಸಣ್ಣ ವಿಷಯವಲ್ಲ. ಸಾಲ ಬಿಟ್ಟು ತೀರಿಹೋದ ಒಬ್ಬರ ಜನಾಝ ನಮಾಝ್‌ಗೆ ಪ್ರವಾದಿಯವರು(ಸ) ತಾವು ಮುಂದೆ ನಿಲ್ಲಲಿಲ್ಲ, ಅಬೂ ಖತಾದ(ರ) ಅವರು ಆ ಸಾಲದ ಹೊಣೆ ಹೊತ್ತ ಮೇಲೆಯೇ ನಿಂತರು. ಕುರ್‌ಆನಿನ ಅತಿ ದೊಡ್ಡ ಆಯತ್, ಅಲ್ ಬಖರದ 282ನೆಯದು, ಸಾಲವನ್ನು ಬರೆದಿಡುವ ಬಗ್ಗೆ ಇದೆ. ಭಾವನಿಂದ ತೆಗೆದುಕೊಂಡ 50 ಸಾವಿರವಾದರೂ ಬರೆದಿಡಿ, ಯಾವಾಗ ಕೊಡುತ್ತೇನೆ ಅಂತಲೂ ಬರೆಯಿರಿ. ಮನೆಯವರಿಗೂ ಗೊತ್ತಿರಲಿ.

ಝಕಾತನ್ನೂ ಬಜೆಟಿನಲ್ಲಿ ಸೇರಿಸಬೇಕು. ಮನೆಗೆಂದು ಕೂಡಿಟ್ಟ ಹಣ ನಿಸಾಬ್ ತಲುಪಿ ಒಂದು ಚಾಂದ್ರಮಾನ ವರ್ಷ ಕಳೆದರೆ ಶೇ. 2.5 ಕೊಡಲೇಬೇಕು, "ಮನೆಗೆ ಇಟ್ಟದ್ದು" ಎಂದು ಹೇಳಿದರೆ ಬಿಟ್ಟುಹೋಗುವುದಿಲ್ಲ. ವಾಸದ ಮನೆ ಕಟ್ಟಲೆಂದು ಕೊಂಡ ಜಾಗಕ್ಕೆ ಝಕಾತ್ ಇಲ್ಲ, ಲಾಭಕ್ಕೆ ಮಾರುವ ಉದ್ದೇಶದಿಂದ ಕೊಂಡದ್ದಾದರೆ ಉಂಟು.

ಕೆಸರುಕಲ್ಲಿನಿಂದ ಒಕ್ಕಲಿನವರೆಗೆ

ಮಳೆ ನಿಂತ ಮೇಲೆ ನವೆಂಬರ್‌ನಲ್ಲಿ ಶುರು ಮಾಡಿದರೆ ಮೇ ಒಳಗೆ ಸ್ಲ್ಯಾಬ್ ಆಗಬೇಕು. ಸ್ಲ್ಯಾಬ್‌ವರೆಗಿನ ಹಣ ಕೈಯಲ್ಲಿ ಇಲ್ಲದಿದ್ದರೆ ಕೆಸರುಕಲ್ಲು ಹಾಕಬೇಡಿ, ಒಂದು ವರ್ಷ ಕಾಯಿರಿ. ಮುಚ್ಚದ ಗೋಡೆ ಮಳೆಗೆ ನೆನೆದು ಹಾಳಾಗುತ್ತದೆ, ಸರಳಿಗೆ ತುಕ್ಕು ಹಿಡಿಯುತ್ತದೆ. ಮೇಸ್ತ್ರಿಗೆ ಕೆಲಸ ಮುಗಿದಷ್ಟಕ್ಕೆ ಮಾತ್ರ ಕಂತು ಕೊಡಿ: ಪಂಚಾಂಗಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ಸ್ಲ್ಯಾಬ್‌ಗೆ ಇಷ್ಟು. ಕೆಲಸ ನಡೆಯುವಾಗ ಪ್ಲಾನ್ ಬದಲಿಸಬೇಡಿ. ಗಲ್ಫ್‌ನಿಂದ ವೀಡಿಯೊ ಕಾಲ್‌ನಲ್ಲಿ "ಸಿಟ್‌ಔಟ್ ಸ್ವಲ್ಪ ದೊಡ್ಡದು ಮಾಡಿ" ಎಂದು ಹೇಳುವ ಒಂದು ಮಾತಿಗೆ ಎಷ್ಟೋ ತಿಂಗಳ ದುಡಿಮೆ ಹೋಗುತ್ತದೆ. ಟೈಲ್ಸ್ ಆಮೇಲೆ ಹಾಕಬಹುದು, ಸೀಲಿಂಗ್ ಬೇಕೆಂದೇ ಇಲ್ಲ. ಮೇಲೆ ಇನ್ನೊಂದು ಮಹಡಿ ಮುಂದೆ ಮಕ್ಕಳು ಕಟ್ಟಿಯಾರು, ಅದಕ್ಕೆ ಪಂಚಾಂಗ ಗಟ್ಟಿಯಿದ್ದರೆ ಸಾಕು.

ಹೊಸ ಮನೆಗೆ ಊಟ ಹಾಕುವುದು ಒಳ್ಳೆಯದೇ, ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ ಅದಕ್ಕೆ ವಕೀರ ಎಂಬ ಹೆಸರೇ ಉಂಟು. ಆದರೆ ಬಾತ್‌ರೂಮಿಗೆ ಬಾಗಿಲಿಲ್ಲದ ಮನೆಯಲ್ಲಿ ಐನೂರು ಜನರಿಗೆ ಬಿರಿಯಾನಿ ಹಾಕಲು ಯಾವ ಗ್ರಂಥವೂ ಹೇಳಿಲ್ಲ. ಹತ್ತಿರದವರನ್ನು, ಕೆಲಸ ಮಾಡಿದ ಕೂಲಿಯವರನ್ನು, ನೆರೆಯ ಬಡವರನ್ನು ಕರೆದು ಒಂದು ಊಟ, ಒಂದು ದುಆ. ಅಷ್ಟು ಸಾಕು.

ಇದನ್ನು ಓದುವ ಗಲ್ಫ್‌ನ ಸಹೋದರರಲ್ಲಿ ಒಂದು ವಿನಂತಿ. ದೊಡ್ಡ ಮನೆಗಾಗಿ ಇನ್ನೂ ಐದು ವರ್ಷ ಅಲ್ಲಿರುತ್ತೇನೆ ಅಂದುಕೊಳ್ಳುವ ಮೊದಲು ಮಗನ ವಯಸ್ಸು ಲೆಕ್ಕ ಹಾಕಿ. ಎರಡನೇ ಕ್ಲಾಸಿನ ಹುಡುಗ ಆಗ ಏಳನೆಯದರಲ್ಲಿರುತ್ತಾನೆ. 600 ಚದರಡಿಯ ಮನೆ ಮುಗಿದು ಉಪ್ಪ ಬೇಗ ಬಂದರೆ, ಅದು ಸಣ್ಣದಾಯಿತು ಅಂತ ಅವನು ಹೇಳಲಾರ. ಹಲಾಲ್ ಸಂಪಾದನೆಯಲ್ಲಿ, ಸಾಲದ ಭಾರವಿಲ್ಲದೆ ಮನೆ ಕಟ್ಟಿ ಅದರಲ್ಲಿ ನೆಮ್ಮದಿಯಿಂದ ಬಾಳುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ, ಆಮೀನ್.